ಕೊಪ್ಪರಿಗೆಯಲ್ಲಿ ನಡೆದ ಪಾಠ

ಕಳೆದ ತಿಂಗಳು ರಾಯಬಾಗದ ಕಡೆಗೆ ಹೋಗುವಾಗ ರಸ್ತೆ ಬದಿಯ ಗಾಣದಿಂದ ಬೆಲ್ಲ ಕುದಿಯುವ ವಾಸನೆ ಬಂತು. ಜೊತೆಯಲ್ಲಿದ್ದವರು ಹಿತವಾಗಿ ಉಸಿರೆಳೆದುಕೊಂಡರು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಆ ವಾಸನೆಯ ಹಿಂದೆ ನನಗೆ ಯಾವಾಗಲೂ ತುಂಬಿದ ಹೊಳೆಯ ಕೆಂಪು ನೀರು ಬರುತ್ತದೆ. ನೀರಿನ ಹಿಂದೆ ನಮ್ಮ ಇಂಗ್ಲಿಷ್ ಮಾಸ್ತರು...

ಎಂಬತ್ತರ ದಶಕದ ಕೊನೆಯ ಮಾತು. ಅವರು ನಿಪ್ಪಾಣಿಯಿಂದ ನಮ್ಮ ಜುಗೂಳಕ್ಕೆ ಬಂದಿದ್ದರು, ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಬಾಡಿಗೆಗಿದ್ದರು. ತಾಯಿ ತಂಬಾಕಿನ ವಖಾರಿಯಲ್ಲಿ ದುಡಿದು ಓದಿಸಿದ್ದಳಂತೆ. ಮಾತು ಅರ್ಧ ಕನ್ನಡ, ಅರ್ಧ ಮರಾಠಿ. ಹೊಳೆಯೆಂದರೆ ಮಾತ್ರ ಅವರಿಗೆ ಭಯ. ಈಜು ಬರುತ್ತಿರಲಿಲ್ಲ.

ಹತ್ತನೆಯ ತರಗತಿಯಲ್ಲಿ ನಾನು, ನನ್ನ ಗೆಳತಿ ಮತ್ತು ಓಣಿಯ ಇನ್ನೊಬ್ಬ ಹುಡುಗ ಇಂಗ್ಲಿಷ್ ಒಂದರಲ್ಲೇ ಫೇಲಾಗಿದ್ದೆವು. ಅಕ್ಟೋಬರ್ ಪರೀಕ್ಷೆಗೆಂದು ಸಂಜೆ ಕಟ್ಟೆಯ ಮೇಲೆ ಕೂಡಿಸಿ ಕಲಿಸತೊಡಗಿದರು. ನೌನ್ ಅಂದರೆ ಹೆಸರು, ವರ್ಬ್ ಅಂದರೆ ಕ್ರಿಯೆ ಎಂದು ನಾವು ಮಗ್ಗಿಯಂತೆ ಒದರಿದಾಗ ಅವರು ಕೈಯೆತ್ತಿ ನಿಲ್ಲಿಸಿದರು.

"ಶಬ್ದದ ಜಾತಿ ಕೇಳಬ್ಯಾಡ್ರಿ. ಅದು ಅಲ್ಲಿ ಏನ ಕೆಲಸ ಮಾಡಾಕತ್ತೈತಿ, ಅದನ್ನ ನೋಡ್ರಿ."

ಕುಡಿಯುವಾಗ ವಾಟರ್ ಎಂಬುದು ನೌನ್. ಅದೇ ವಾಟರ್ ಕಬ್ಬಿಗೆ ನೀರು ಹಾಯಿಸು ಎನ್ನುವಾಗ ವರ್ಬ್ ಎಂದು ತಿಳಿಸಿದರು. ಒಂದೇ ಶಬ್ದ ಎರಡು ಕೆಲಸ ಮಾಡಿದರೆ ಪಗಾರವೂ ಎರಡು ಕೊಡಬೇಕಲ್ಲವೇ ಎಂದು ಗೆಳತಿ ಕೇಳಿದಳು. "ನನಗ ಒಂದ ಪಗಾರ ವ್ಯಾಳ್ಯಾಕ್ಕ ಬರವಲ್ತು, ನಿಂದೇನ ಬೇ" ಎಂದು ನಕ್ಕರು. ವರ್ಷಗಟ್ಟಲೆ ತಲೆಗೆ ಹತ್ತದೆ ಇದ್ದದ್ದು ಆ ಕಟ್ಟೆಯ ಮೇಲೆ ನಮಗೆ ತಿಳಿಯತೊಡಗಿತ್ತು.

ಪರೀಕ್ಷೆ ಆಚೆ ದಂಡೆಯ ಊರಿನ ಸಾಲೆಯಲ್ಲಿ. ಮಳೆಗಾಲ ಮುಗಿಯಿತು ಎನ್ನುವಾಗ ಮೇಲೆ ಘಟ್ಟದಲ್ಲಿ ಮಳೆಯಾಗಿ ಕೃಷ್ಣೆ ಏರಿದಳು. ಪರೀಕ್ಷೆಯ ದಿನ ನಾವೆಯವನು ನಾವೆ ಬಿಡಲು ಒಪ್ಪಲಿಲ್ಲ. ಸುತ್ತು ಹಾಕಿ ಹೋದರೆ ಹೊತ್ತು ಮೀರುತ್ತಿತ್ತು. ಆಗ ನಮ್ಮ ಕಾಕಾ ಗಾಣದ ಮನೆಯಿಂದ ಬೆಲ್ಲ ಕಾಸುವ ಕೊಪ್ಪರಿಗೆ ಹೊರಿಸಿಕೊಂಡು ಬಂದ. ಹೊಳೆ ಬಂದಾಗ ಕೊಪ್ಪರಿಗೆಯಲ್ಲಿ ದಾಟುವುದು ನಮ್ಮ ಕಡೆ ಹೊಸದಲ್ಲ. ಬಾಣಂತಿಯರನ್ನೂ ಅವನು ಹಾಗೆ ದಾಟಿಸಿದ್ದ. ಮಾಸ್ತರು ದಂಡೆಯಲ್ಲೇ ಉಳಿಯಬಹುದಿತ್ತು. ನಮ್ಮ ಹಾಲ್ ಟಿಕೆಟ್ಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ಹತ್ತಿ ಕುಳಿತರು.

"ನೀರ ನೋಡಬ್ಯಾಡ್ರಿ. ನಾ ಹೇಳೂತನಕ ಯಾರೂ ಏಳಬ್ಯಾಡ್ರಿ. ಮಾಸ್ತರ್ರ, ನಿಮಗೂ ಹೇಳಾಕತ್ತೇನಿ" ಎಂದ ಕಾಕಾ.

ಕಾಕಾ ಹುಟ್ಟು ಹಾಕುತ್ತಿದ್ದರೂ ನಡುಹೊಳೆಯಲ್ಲಿ ಕೊಪ್ಪರಿಗೆ ಗಿರಗಿರ ತಿರುಗಿತು. ದಂಡೆ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಹುಡುಗ ಅಂಚು ಹಿಡಿದು ಅಳತೊಡಗಿದ. ಅವನು ಅಲುಗಿದಂತೆಲ್ಲ ನೀರು ಒಳಗೆ ಬರುತ್ತಿತ್ತು.

"ಇಲ್ಲೆ, ನನ್ನ ಮಾರಿ ನೋಡ್ರಿ" ಎಂದರು ಮಾಸ್ತರು. "ದ ರಿವರ್ ರನ್ಸ್ ಫಾಸ್ಟ್. ಫಾಸ್ಟ್ ಏನು?"

"ಅಡ್ವರ್ಬ್ ರಿ. ಹೆಂಗ ಓಡ್ತೈತಿ ಅಂತ ಹೇಳ್ತೈತಿ" ಎಂದಳು ಗೆಳತಿ.

"ಅ ಫಾಸ್ಟ್ ರಿವರ್ ಅಂದ್ರ?"

"ಅಡ್ಜೆಕ್ಟಿವ್ ರಿ. ಹೊಳಿ ಎಂಥಾದ್ದು ಅಂತ ಹೇಳ್ತೈತಿ" ಎಂದೆ ನಾನು.

ಆಮೇಲೆ ಹುಡುಗನ ಕಡೆ ತಿರುಗಿ, ನಾವು ಎಲ್ಲಿದ್ದೇವೆ ಇಂಗ್ಲಿಷಿನಲ್ಲಿ ಹೇಳು ಎಂದರು. ಅವನು ಬಿಕ್ಕುತ್ತಲೇ ಇನ್ ದ ಪ್ಯಾನ್, ಆನ್ ದ ರಿವರ್, ಬಿಟ್ವೀನ್ ಟು ಬ್ಯಾಂಕ್ಸ್ ಎಂದ. ಮೂರೂ ಪ್ರಿಪೊಜಿಷನ್ ಸರಿಯಾಗಿದ್ದವು. "ಶಾಬ್ಬಾಸ್, ನೀ ಪಾಸ್" ಎಂದರು. ಅವರ ದನಿ ಕಟ್ಟೆಯ ಮೇಲಿದ್ದ ಹಾಗೆಯೇ ಇತ್ತು. ಅಂಚು ಹಿಡಿದಿದ್ದ ಬೆರಳುಗಳು ಮಾತ್ರ ರಕ್ತವಿಲ್ಲದೆ ಬಿಳಿಚಿದ್ದವು. ಅದನ್ನು ಕಂಡವಳು ನಾನೊಬ್ಬಳೇ ಇರಬೇಕು.

ದಂಡೆ ಬಂತು. ಕಾಕಾ ಎದೆಮಟ್ಟದ ನೀರಿಗೆ ಇಳಿದು ಅಂಚನ್ನು ಅದುಮಿ ಹಿಡಿದ. ನಾವು ಮೂವರೂ ಒಬ್ಬೊಬ್ಬರಾಗಿ ಇಳಿದೆವು. ಕೊಪ್ಪರಿಗೆಯ ಆಚೆ ಅಂಚಿನಲ್ಲಿ ಮಾಸ್ತರು ಕುಳಿತೇ ಇದ್ದರು. ಅಷ್ಟರಲ್ಲಿ ಸಾಲೆಯ ಗಂಟೆ ಬಾರಿಸಿತು.

ಹೊಳೆಯ ಮಗ್ಗುಲಲ್ಲಿ ಹುಟ್ಟಿದವರಾಗಿದ್ದರೆ ಕುಳಿತೇ ಇರುತ್ತಿದ್ದರೇನೋ. ಇವರು ಮಾಸ್ತರು. ಗಂಟೆ ಕೇಳಿದ್ದೇ ತರಗತಿಯಲ್ಲಿ ಏಳುವ ಹಾಗೆ ಎದ್ದು ನಿಂತರು. ಅಂಗಿಯೊಳಗಿಂದ ಹಾಲ್ ಟಿಕೆಟ್ಟುಗಳನ್ನು ತೆಗೆದು ಮುಂದೆ ಬಾಗಿ ನನ್ನ ಕೈಗೆ ತುರುಕಿದರು. "ಓಡ್ರಿ" ಎಂದರು. ಕಾಕಾ ಕೂಗಿದ. ಅಂಚು ಅವನ ಕೈಯಿಂದ ಕಿತ್ತುಕೊಂಡು ಹೋಯಿತು. ಕೊಪ್ಪರಿಗೆ ಒಂದು ಸುತ್ತು ತಿರುಗಿ, ನೀರು ತುಂಬಿ, ಮಗುಚಿತು...

ಕಾಕಾ ಈಜಿ ಹೋದ. ಬರಿಗೈಯಲ್ಲಿ ಬಂದು ಕೆಸರಿನಲ್ಲಿ ಕುಳಿತ. ಯಾರೋ ದೊಡ್ಡವರು ನಮ್ಮನ್ನು ಸಾಲೆಯತ್ತ ದಬ್ಬಿದರು. ಇಷ್ಟೆಲ್ಲ ಆಗಿದ್ದು ಇದಕ್ಕೇ, ಹೋಗಿ ಬರೆಯಿರಿ ಎಂದರು. ಒದ್ದೆ ಬಟ್ಟೆಯಲ್ಲೇ ಬರೆದೆವು. ಗೆರೆ ಎಳೆದ ಶಬ್ದಗಳ ಕೆಲಸ ಗುರುತಿಸುವ ಪ್ರಶ್ನೆಯೂ ಇತ್ತು. ಒಂದೂ ತಪ್ಪಲಿಲ್ಲ ನನಗೆ. ಕಿಟಕಿಯಾಚೆ, ದಂಡೆಗುಂಟ ಜನ ಗಳ ಹಿಡಿದು ಹುಡುಕುತ್ತ ಕೆಳಕ್ಕೆ ಹೋಗುತ್ತಿದ್ದರು. ಮಾಸ್ತರು ಸಿಗಲೇ ಇಲ್ಲ.

ಮೂವರೂ ಪಾಸಾದೆವು. ನನ್ನ ಅಪ್ಪ ನಮ್ಮನ್ನು ನಿಪ್ಪಾಣಿಗೆ, ಮಾಸ್ತರ ತಾಯಿಯ ಹತ್ತಿರ ಕರೆದೊಯ್ದ. ಪಾಸಾದವರು ಸಕ್ಕರೆ ಒಯ್ಯಬೇಕು. ಆ ಮನೆಗೆ ಹೇಗೆ ಒಯ್ಯುವುದು ಎಂದು ಬರಿಗೈಯಲ್ಲೇ ಹೋಗಿದ್ದೆವು. ಆಕೆ ಅಳಲಿಲ್ಲ. ಒಳಗಿನಿಂದ ಡಬ್ಬಿ ತಂದು ಮೂವರ ಅಂಗೈಗೂ ಚಿಟಿಕೆ ಚಿಟಿಕೆ ಸಕ್ಕರೆ ಹಾಕಿದಳು.

"ತಿನ್ರಿ. ಅಂವ ಇದ್ದಿದ್ರ ಅಂವನ ಕೊಡ್ತಿದ್ದ."

ನಾನು ಮುಂದೆ ಚಿಕ್ಕೋಡಿಯಲ್ಲಿ ಕಾಲೇಜು ಓದಿದೆ. ಆ ತಾಯಿಯೂ ಈಗಿಲ್ಲ. ಊರಿಗೆ ಬಸ್ಸಿನಲ್ಲಿ ಹೋಗುವಾಗ ಸ್ಟ್ಯಾಂಡು ಬರುವ ಮೊದಲೇ ಜನ ಎದ್ದು ಬಾಗಿಲಿಗೆ ನುಗ್ಗುತ್ತಾರೆ. ನನ್ನ ಕೈ ಮುಂದಿನ ಸೀಟಿನ ಸರಳನ್ನು ಹಿಡಿದು ಬಿಗಿಯುತ್ತದೆ. ಎಲ್ಲರೂ ಇಳಿದ ಮೇಲೂ ಕಾಲು ಏಳುವುದಿಲ್ಲ. ಕಂಡಕ್ಟರ್ ಬಂದು, "ಇಳೀರಿ ಅಕ್ಕಾರ, ಗಾಡಿ ನಿಂತೈತಿ" ಎನ್ನುತ್ತಾನೆ. ನಿಂತಿದೆ ಎಂದು ನನಗೂ ಕಾಣುತ್ತದೆ. ಆದರೂ ಇನ್ನೊಂದು ಸಲ ಅವನನ್ನು ಕೇಳಿಯೇ ಏಳುತ್ತೇನೆ.