‘ಇಲ್ಲ’ ಎನ್ನಲು ಜಾಗ ಬಿಟ್ಟವರು

ಅವರ ಹತ್ತೂ ಬೆರಳುಗಳ ತುದಿಗಳು ಚಪ್ಪಟೆಯಾಗಿದ್ದವು. ಮುಂಬಯಿಯ ಆಫೀಸೊಂದರಲ್ಲಿ ಮೂವತ್ತೈದು ವರ್ಷ ಟೈಪಿಸ್ಟ್ ಆಗಿದ್ದವರು. ಎದುರಿಗೆ ಕೂತವರು ಮಾತಾಡುತ್ತಿದ್ದರೆ ಆ ಬೆರಳುಗಳು ಮೇಜಿನ ಮೇಲೆ ಸದ್ದಿಲ್ಲದೆ ಅದನ್ನೇ ಟೈಪು ಮಾಡುತ್ತಿದ್ದವು. ನನ್ನ ಇಂಗ್ಲಿಷ್ ತಪ್ಪಿತೆಂದರೆ ಬೆರಳುಗಳು ಅಲ್ಲಿಯೇ ನಿಲ್ಲುತ್ತಿದ್ದವು.

ನಾನು ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದೆ, ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲದಿದ್ದರೂ. ಮುಂಬಯಿ ಪಕ್ಕದ ವರ್ತಕ ನಗರದ ನಮ್ಮ ಕಟ್ಟಡದಲ್ಲಿ ಅವರ ಮನೆ ತಳಮಹಡಿಯಲ್ಲಿ, ನಮ್ಮದು ಮೂರನೆಯದರಲ್ಲಿ. ಗದಗಿನಿಂದ ಮದುವೆಯಾಗಿ ಬಂದ ನನಗೆ ಅಲ್ಲಿ ಮಾತಾಡಲು ಜನವಿರಲಿಲ್ಲ. ಗಂಡ ಏಳಕ್ಕೆ ಹೊರಟರೆ ರಾತ್ರಿಯೇ ಬರುವುದು. ಒಂದನೆಯ ಇಯತ್ತೆಯಲ್ಲಿ ಓದುತ್ತಿದ್ದ ಮಗಳು ನನ್ನ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು.

ಒಮ್ಮೆ ಊರಿಗೆ ಹೋಗಬೇಕಾಗಿ ಮಗಳಿಗೆ ರಜೆ ಕೇಳಲು ಶಾಲೆಗೆ ಹೋದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಹೆಡ್‌ಮಿಸ್ ಮುಂದೆ ಒಪ್ಪಿಸಿದೆ: ‘ಯು ಮಸ್ಟ್ ಗಿವ್ ಲೀವ್.’ ಅವರು ಕನ್ನಡಕ ತೆಗೆದು ‘ಮಸ್ಟ್?’ ಎಂದರು. ಪಕ್ಕದಲ್ಲಿದ್ದವರು ನಕ್ಕರು. ಏನು ತಪ್ಪಾಯಿತೆಂದು ತಿಳಿಯದೆ ಮರಳಿ ಬಂದು ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಕೂತು ಅತ್ತೆ. ತಳಮಹಡಿಯ ಬಾಗಿಲು ತೆರೆದು ಹೊರಗೆ ಬಂದವರು ಟೀಚರ್.

‘ಎಂತಾಯ್ತು ಮಾರಾಯ್ತಿ?’

ಕನ್ನಡ ಕೇಳಿ ಇನ್ನಷ್ಟು ಅತ್ತೆ. ‘ರಜಾ ಬೇಕ್ರಿ ಅಂತ ಕೇಳಿದ್ನಿರಿ, ಅಷ್ಟ. ನಾ ಏನೋ ಬೈದಂಗ ನೋಡಿದ್ರು.’

ಏನೆಂದು ಕೇಳಿದ್ದೆ ಎಂದು ತಿಳಿದ ಮೇಲೆ ಅವರು ನಗಲಿಲ್ಲ. ಒಳಗೆ ಕರೆದು ನೀರು ಕೊಟ್ಟರು. ‘ನಮ್ಮ ಬೇಕು ಇಂಗ್ಲಿಷಿನಲ್ಲಿ ಮಸ್ಟ್ ಆದ್ರೆ ಹುಕುಂ ಆಗ್ತದೆ. ಕುಡ್ ಯು ಅಂತ ಶುರು ಮಾಡು. ಕೇಳುವಾಗ ಎದುರಿನವರಿಗೆ ಇಲ್ಲ ಅನ್ನಲಿಕ್ಕೆ ಸ್ವಲ್ಪ ಜಾಗ ಬಿಡಬೇಕು.’

ಮರುದಿನದಿಂದ ಮಧ್ಯಾಹ್ನ ಎರಡಕ್ಕೆ ಪಾಠ. ಅವರು ಕಲಿಸಿದ್ದು ಹೆಚ್ಚಾಗಿ ಆ ಸಣ್ಣ ಮಾತುಗಳನ್ನೇ: ಕ್ಯಾನ್, ಮೇ, ಶುಡ್, ವುಡ್. ‘ದೊಡ್ಡ ಶಬ್ದ ಡಿಕ್ಷನರಿಯಲ್ಲಿ ಸಿಗ್ತದೆ. ಮನುಷ್ಯನ ಮರ್ಯಾದೆ ಇರುವುದು ಇದರಲ್ಲಿ’ ಎನ್ನುತ್ತಿದ್ದರು. ಇವತ್ತು ನೀರು ಬರಲಿಕ್ಕಿಲ್ಲ, ಲಿಫ್ಟಿನ ಬಾಗಿಲು ಹಾಕಲೇಬೇಕು, ಇಲ್ಲಿ ಕೂರಬಹುದೇ, ಇವೇ ನಮ್ಮ ವಾಕ್ಯಗಳು. ಫೋನಿನಲ್ಲಿ ಮಾತ್ರ ಅವರೊಡನೆ ಇಂಗ್ಲಿಷೇ ಆಡಬೇಕೆಂಬ ಕಟ್ಟಳೆಯಿತ್ತು.

ಟೀಚರ್ ಉಡುಪಿಯ ಕಡೆಯವರು, ಮದುವೆಯಾಗಿರಲಿಲ್ಲ. ಆ ಮನೆಯಲ್ಲಿ ಅಕ್ಕನೊಡನೆ ಇದ್ದರು, ಅಕ್ಕ ತೀರಿಕೊಂಡು ಆರು ವರ್ಷವಾಗಿತ್ತು. ಭಾನುವಾರ ಬೆಳಿಗ್ಗೆ ನೌಪಾಡಾದ ಹೋಟೆಲೊಂದಕ್ಕೆ ರಿಕ್ಷಾದಲ್ಲಿ ಹೋಗಿ ಒಂದು ಕಾಫಿ ಕುಡಿದು ಬರುತ್ತಿದ್ದರು. ‘ಇಲ್ಲಿ ಕಾಫಿ ಸಿಗೂದಿಲ್ಲೇನ್ರಿ?’ ಎಂದು ಕೇಳಿದ್ದೆ. ‘ಕಾಫಿಗಲ್ಲ. ಗಲ್ಲಾಪೆಟ್ಟಿಗೆ ಮುಂದೆ ಕೂತವರು ತುಳು ಮಾತಾಡ್ತಾರೆ. ವಾರಕ್ಕೆ ನಾಲ್ಕು ಮಾತು’ ಎಂದರು.

ವರ್ಷದೊಳಗೆ ನನಗೆ ಭಿವಂಡಿಯ ಗೋಡೌನೊಂದರ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಫೋನಿಗೆ ಉತ್ತರಿಸುವುದು, ಟ್ರಕ್ಕಿನವರಿಗೆ ಸಮಯ ಹೇಳುವುದು. ಪೇಢೆ ತೆಗೆದುಕೊಂಡು ಹೋದಾಗ ಟೀಚರ್ ನನ್ನ ಕೆನ್ನೆ ಸವರಿದರು. ಆಮೇಲೆ ಪಾಠ ಭಾನುವಾರಕ್ಕೆ ಇಳಿಯಿತು. ಭಾನುವಾರ ಬಟ್ಟೆ, ಬಜಾರು, ಮಗಳ ಅಭ್ಯಾಸ, ಅದೂ ತಪ್ಪಿತು. ಬೆಳಿಗ್ಗೆ ಕಂಪನಿಯ ಬಸ್ಸಿಗೆ ಓಡುವಾಗ ಅವರು ಕಿಟಕಿಯಲ್ಲಿ ನಿಂತಿರುತ್ತಿದ್ದರು. ನಾನು ಕೈಬೀಸಿ ಓಡುತ್ತಿದ್ದೆ.

ಕಳೆದ ವರ್ಷ ಒಂದು ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಅವರ ಫೋನ್ ಬಂತು. ‘ಕುಡ್ ಯು ಕಮ್ ಎ ಲಿಟಲ್ ಅರ್ಲಿ ಟುಡೇ? ಓನ್ಲಿ ಇಫ್ ಯು ಕ್ಯಾನ್.’ ಇವತ್ತು ಸ್ವಲ್ಪ ಬೇಗ ಬರಲಿಕ್ಕೆ ಆಗಬಹುದೇ, ಆದರೆ ಮಾತ್ರ. ಹೊರಗೆ ಐದು ಟ್ರಕ್ಕು ನಿಂತಿದ್ದವು. ‘ಐ ಮೇ ಬಿ ಲೇಟ್, ಟೀಚರ್. ವುಡ್ ಟುಮಾರೋ ಬಿ ಆಲ್‌ರೈಟ್?’ ಎಂದೆ. ಅವರು ‘ವೆರಿ ಗುಡ್. ನೋ ಮಿಸ್ಟೇಕ್ಸ್’ ಎಂದರು. ಹೊಗಳಿಕೆಗೆ ಹಿಗ್ಗಿ ಫೋನಿಟ್ಟೆ.

ಸಂಜೆ ಬಂದಾಗ ಅವರ ಬಾಗಿಲ ಮುಂದೆ ಜನ ಸೇರಿದ್ದರು. ಮಧ್ಯಾಹ್ನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆರು ಗಂಟೆಗೆ ಕೆಲಸದ ಹೆಂಗಸು ತನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆರೆಯುವವರೆಗೆ ನೆಲದ ಮೇಲೆಯೇ ಇದ್ದರು. ನೈಟಿಯ ಜೇಬಿನಲ್ಲಿದ್ದ ಮೊಬೈಲಿನಿಂದ ಮಾಡಿದ್ದು ಒಂದೇ ಫೋನ್. ನನಗೆ.

ಅಂದು ಸಂಜೆಯೇ ಆಸ್ಪತ್ರೆಯಲ್ಲಿ ಅವರ ಕೈ ಹಿಡಿದು ಕೇಳಿದೆ: ‘ಯಾಕ್ರಿ ಟೀಚರ್? ಬಿದ್ದೀನಿ ಅಂತ ಒಂದ್ ಮಾತ್ ಹೇಳಬಾರದಾಗಿತ್ತೇನ್ರಿ?’

‘ನಿನಗೆ ಕೆಲಸ ಉಂಟಲ್ಲ’ ಎಂದರು. ‘ಬರಲೇಬೇಕು ಅಂತ ಹೇಳಲಿಕ್ಕೆ ನನಗೆ ಯಾರಿದ್ದಾರೆ? ಅಕ್ಕನಿಗೆ ಹೇಳ್ತಿದ್ದೆ.’

ಅವರ ಹೊದಿಕೆಯನ್ನು ಸರಿಪಡಿಸಿದೆ. ಅಷ್ಟರಲ್ಲಿ ನರ್ಸ್ ಬಂದು ಹೊರಗೆ ಹೋಗಲು ಹೇಳಿದಳು. ನಾನಿದ್ದೇನೆಂದು ನಾಳೆ ಹೇಳಿದರಾಯಿತು ಎಂದುಕೊಂಡು ಎದ್ದೆ.

ಬೆಳಿಗ್ಗೆ ರಜೆ ಹಾಕಿ ಹೋದಾಗ ಅವರನ್ನು ಐಸಿಯುವಿಗೆ ಸಾಗಿಸಿದ್ದರು. ಉಸಿರಾಟ ಕೆಟ್ಟಿತ್ತು, ಎಚ್ಚರವಿರಲಿಲ್ಲ. ಅವರ ಕಿವಿಗೆ ಬಾಗಿ, ‘ನಾ ಅದೀನ್ರಿ ಟೀಚರ್, ನನಗ ಹೇಳ್ರಿ’ ಎಂದೆ. ಮೂರನೆಯ ದಿನ ಹೋದರು.

ಆ ಮಾತನ್ನು ಮೊದಲ ಸಂಜೆಯೇ ಅವರಿಗೆ ಹೇಳಬಹುದಿತ್ತು. ಹೇಳಬೇಕಿತ್ತು.