ಕವರು ಕೊಳಲಿನದು, ರೆಕಾರ್ಡು ಬೇರೆಯದು

ನನ್ನ ಗ್ರಾಮಫೋನ್ ರೆಕಾರ್ಡುಗಳನ್ನು ಹಾಳು ಮಾಡಿದ್ದು ಗೆದ್ದಲೂ ಅಲ್ಲ, ಇಲಿಯೂ ಅಲ್ಲ, ನನ್ನ ಗಂಡ. ಮಳೆಗಾಲ ಮುಗಿದ ಮೇಲೆ ಕವರುಗಳಿಗೆ ಬೂಷ್ಟು ಹಿಡಿದದ್ದು ಅವರ ಕಣ್ಣಿಗೆ ಬಿತ್ತು. ನಾನು ಆಫೀಸಿಗೆ ಹೋದ ಹೊತ್ತಿಗೆ ಎಲ್ಲವನ್ನೂ ಪುತ್ತೂರಿನ ನಮ್ಮ ಮನೆಯ ಟೆರೇಸಿಗೆ ಹೊತ್ತು, ಕವರಿನಿಂದ ಹೊರಗೆ ತೆಗೆದು, ಬಿಸಿಲಿಗೆ ಹರಡಿದರು. ಸಂಜೆ ನಾನು ಬರುವಾಗ ಅವು ಸುಟ್ಟ ಹಪ್ಪಳದ ಹಾಗೆ ಮುದುಡಿದ್ದವು.

"ಬೂಷ್ಟು ಪೂರ್ತಿ ಹೋಗಿದೆ ನೋಡು," ಎಂದರು ಖುಷಿಯಿಂದ.

ಅಪ್ಪ ಮಂಗಳೂರಿನಿಂದ ತಂದ ಕೊಳಲಿನ ರೆಕಾರ್ಡೂ ಅದರಲ್ಲಿತ್ತು. ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುವಾಗ ಅದು ಕೇಳದಿದ್ದರೆ ನನಗೆ ರಜೆ ಎಂದೇ ಅನಿಸುತ್ತಿರಲಿಲ್ಲ.

ಎರಡು ದಿನ ಮಾತು ಬಿಟ್ಟೆ. ಆಮೇಲೆ ಹಳೆಯದನ್ನೇ ಹುಡುಕಿ ಮತ್ತೆ ಕೂಡಿಸುವುದೆಂದು ಹೊರಟೆ. ಹೊಸ ರೆಕಾರ್ಡಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನನಗೆ ಬೇಕಾದದ್ದು ಹೊಸದಾಗಿ ಬರುವುದೂ ಇಲ್ಲ. ಆದರೆ ಕೇಳಿದವರೆಲ್ಲ "ಅಯ್ಯೋ, ನಮ್ಮಲ್ಲಿ ರಾಶಿ ಇತ್ತು, ಗುಜರಿಗೆ ಹಾಕಿದೆವು" ಎನ್ನುತ್ತಿದ್ದರು. ಹಾಕದೆ ಉಳಿಸಿಕೊಂಡವರು ಮೊಬೈಲು ತಿಕ್ಕಿ, ಅದರಲ್ಲಿ ಯಾರೋ ಯಾವುದಕ್ಕೋ ಹೇಳಿದ ಬೆಲೆ ತೋರಿಸುತ್ತಿದ್ದರು.

ಇದರ ನಡುವೆ ನನ್ನ ಗಂಡನಿಗೆ ನನಗಿಂತ ಜಾಸ್ತಿ ಹುಮ್ಮಸ್ಸು ಬಂತು. ಪೆರಾಬೆಯಲ್ಲಿ ಹಿಂದೆ ಮದುವೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ ಒಬ್ಬರ ಅಟ್ಟದಲ್ಲಿ ರೆಕಾರ್ಡು ಉಂಟೆಂದು ತಿಳಿದು, ನನಗೆ ಹೇಳದೆ ಸ್ಕೂಟರ್ ಹತ್ತಿ ಹೋದರು. ಬರುವಾಗ ಕೈಯಲ್ಲಿ ಅದೇ ಕೊಳಲಿನ ಕವರು! ಬೆಲೆಯೂ ಹೆಚ್ಚಲ್ಲ. ನನ್ನ ಸಿಟ್ಟೆಲ್ಲ ಇಳಿಯಿತು. ಕೈ ತೊಳೆದು, ಒರೆಸಿ, ಆತುರದಲ್ಲಿ ರೆಕಾರ್ಡನ್ನು ಪ್ಲೇಯರಿಗೆ ಹಾಕಿ ಮುಳ್ಳು ಇಟ್ಟೆ.

ಖಳನಾಯಕನೊಬ್ಬ ಗಹಗಹಿಸಿ ನಕ್ಕ. ಯಾವುದೋ ಹಿಂದಿ ಸಿನಿಮಾದ ಸಂಭಾಷಣೆ.

"ನಡುವಿನ ಲೇಬಲ್ ಓದಿಲ್ವಾ ನೀವು?"

"ಕವರು ಓದಿದೆನಲ್ಲ!"

ಮುಂದಿನ ರಜೆಗೆ ಆ ಸಿನಿಮಾ ರೆಕಾರ್ಡನ್ನು ಚೀಲಕ್ಕೆ ಹಾಕಿ ನಾನೇ ಪೆರಾಬೆಗೆ ಹೋದೆ, ಗಂಡನನ್ನೂ ಎಳೆದುಕೊಂಡು. ಮೈಕ್‌ಸೆಟ್‌ನವರಿಗೆ ಒಂದಿಷ್ಟೂ ಬೇಸರವಿಲ್ಲ. "ಮದುವೆ ಗಡಿಬಿಡಿಯಲ್ಲಿ ಯಾವ ಕವರಿಗೆ ಯಾವುದು ಅಂತ ಯಾರು ನೋಡುದು ಮಾರಾಯ್ರೆ? ಕೊಳಲಿನದ್ದು ಬಹುಶಃ ಈಶ್ವರಮಂಗಲದವರ ಕಟ್ಟಿನಲ್ಲಿ ಹೋಯಿತು. ಕವರು ಬೇಡ ಅಂತ ಬರೀ ರೆಕಾರ್ಡು ತೆಗೊಂಡು ಹೋದದ್ದು ಅವರು."

ಕವರು ಬೇಡದವರು ಎಂಥವರಪ್ಪ ಎಂದುಕೊಂಡೆ. ಪೆರಾಬೆ ಒಂದು ದಿಕ್ಕು, ಈಶ್ವರಮಂಗಲ ಇನ್ನೊಂದು. ನಡುಮಧ್ಯಾಹ್ನ ಅಲ್ಲಿ ಮುಟ್ಟಿದಾಗ ಉತ್ತರ ಸಿಕ್ಕಿತು. ಗಲ್ಫ್‌ನಿಂದ ಬಂದ ಬ್ಯಾರಿ ಸಾಹೇಬರೊಬ್ಬರ ಹೊಸ ಮನೆ. ಸಿಟ್ಟಿಂಗ್ ರೂಮಿನ ಗೋಡೆಯ ತುಂಬ ರೆಕಾರ್ಡುಗಳು, ಒಂದೊಂದರ ನಡುವಿನ ತೂತಿಗೂ ಒಂದು ಮೊಳೆ.

"ಇಂಟೀರಿಯರ್‌ನವರು ಹೇಳಿದ್ದು ಅಕ್ಕ, ಕಪ್ಪು ರೌಂಡ್ ಇದ್ರೆ ಗೋಡೆ ಚಂದ ಕಾಣ್ತದೆ ಅಂತ."

ಸ್ಟೂಲು ಕೇಳಿ ಹತ್ತಿ, ಲೇಬಲ್ಲುಗಳನ್ನು ಓದುತ್ತಾ ಹೋದೆ. ಟಿವಿಯ ಬಲಗಡೆ ನನ್ನ ಕೊಳಲು ನೇತಾಡುತ್ತಿತ್ತು.

"ಇದರಲ್ಲಿ ಈಗಲೂ ಹಾಡು ಬರ್ತದಾ?" ಅವರಿಗೆ ನಿಜವಾಗಿ ಆಶ್ಚರ್ಯ.

"ಬರ್ತದೆ. ನೀವು ಮೊಳೆ ಹೊಡೆದದ್ದು ಆ ಹಾಡಿಗೇ," ಎಂದೆ. ಸಿಟ್ಟು ಬಾಯಿಗೆ ಬಂದೇಬಿಟ್ಟಿತ್ತು.

ಅವರು ನಕ್ಕುಬಿಟ್ಟರು. "ಕೊಡುವ ಅಕ್ಕ, ಅದಕ್ಕೆಂತ. ಆದ್ರೆ ಅಲ್ಲಿ ಖಾಲಿ ಕಾಣ್ತದಲ್ಲ?"

ಚೀಲದಿಂದ ಖಳನಾಯಕನನ್ನು ತೆಗೆದುಕೊಟ್ಟೆ. ಚಹಾ ತಂದ ಅವರ ಹೆಂಡತಿ ಅದನ್ನು ಗೋಡೆಗೆ ಹಿಡಿದು ನೋಡಿ, "ಇದೇ ಹೆಚ್ಚು ಹೊಳೀತದೆ," ಎಂದರು. ವ್ಯಾಪಾರ ಮುಗಿಯಿತು.

ಆ ಸಂಜೆ ಕೊಳಲು ಕೇಳಿದೆ. ಎರಡನೆಯ ಬದಿಯಲ್ಲಿ ಮೀನು ಹುರಿದ ಹಾಗೆ ಚರಚರ ಸದ್ದು. ಆದರೂ ಮುಗಿಯುವವರೆಗೆ ಏಳಲು ಮನಸ್ಸಾಗಲಿಲ್ಲ. ಗಂಡ ಬಾಗಿಲ ಹತ್ತಿರ ಕೂತು, ಏನನ್ನೂ ಮುಟ್ಟದೆ ಕೇಳಿದರು. ಅಷ್ಟು ದಿನಗಳಲ್ಲಿ ನಾನು ಸಮಾಧಾನದಲ್ಲಿದ್ದದ್ದು ಆಗ ಮಾತ್ರ.

ಅಟ್ಟದಲ್ಲಿ ಉಳಿದದ್ದನ್ನು ನೋಡೋಣವೆಂದು ಎರಡು ವಾರ ಬಿಟ್ಟು ಮತ್ತೆ ಪೆರಾಬೆಗೆ ಹೋದೆವು. ಮೈಕ್‌ಸೆಟ್‌ನವರು ಜಗಲಿಯಿಂದಲೇ ಕೈ ಆಡಿಸಿದರು.

"ಒಂದೂ ಇಲ್ಲ ಅಕ್ಕ. ಈಶ್ವರಮಂಗಲದವರು ಪ್ಲೇಯರ್ ತೆಗೊಂಡಿದ್ದಾರಂತೆ. ಹಾಡು ಬರ್ತದೆ ಅಂತ ನೀವೇ ಹೇಳಿದ್ದಲ್ವಾ? ಮೊನ್ನೆ ಕಾರು ತಂದು ಕವರು ಸಮೇತ ಎಲ್ಲ ತೆಗೊಂಡು ಹೋದ್ರು."

ನಾನು ಗಂಡನ ಮುಖ ನೋಡಿದೆ. ಅವರು ಹೆಲ್ಮೆಟ್ಟಿನ ಪಟ್ಟಿ ಸರಿಮಾಡುತ್ತಿದ್ದರು.

"ಫೋನ್ ಮಾಡಿದ್ರು ಪಾಪ, ಯಾವ ಪ್ಲೇಯರ್ ಒಳ್ಳೆಯದು ಅಂತ ಕೇಳಿದ್ರು. ಹೇಳಿದೆ."

"ಮತ್ತೆ?"

"ಇಲ್ಲಿ ಅಟ್ಟದಲ್ಲಿ ಇನ್ನೂ ರೆಕಾರ್ಡು ಉಂಟಾ ಅಂತಲೂ ಕೇಳಿದ್ರು."

ಸ್ಕೂಟರಿನ ಹಿಂದೆ ಹತ್ತಿ ಕೂತೆ. ರಾಮಕುಂಜದಲ್ಲಿ ಯಾರೋ ಒಬ್ಬರ ಹತ್ತಿರ ಒಂದು ಪೆಟ್ಟಿಗೆ ರೆಕಾರ್ಡು ಉಂಟಂತೆ ಎಂದು ಅವರು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು.