ಹೊಲಿದ ಮೇಲೆ ಹಾಕಿದ ಗೆರೆ

ಸೀಮೆಎಣ್ಣೆಯಲ್ಲಿ ನೀಲಿ ಪುಡಿ ಕಲಸಿದ ವಾಸನೆ ಮೂಗಿಗೆ ಬಡಿದರೆ ನಾನು ಈಗಲೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ. ವರ್ಷಗಟ್ಟಲೆ ಆ ವಾಸನೆಯಲ್ಲೇ ಅನ್ನ ಉಂಡಿದ್ದೇನೆ. ಉಗುರಿನಲ್ಲಿ ನೀಲಿ, ಸೆರಗಿನಲ್ಲಿ ನೀಲಿ, ಎಷ್ಟು ಸೋಪು ಹಾಕಿ ಉಜ್ಜಿದರೂ ಕಲಸಿದ ಅನ್ನದಲ್ಲಿ ಸೀಮೆಎಣ್ಣೆ. ಥೂ, ಇದೂ ಒಂದು ಕಸುಬೇ ಎಂದು ದಿನಾ ಬೈದುಕೊಳ್ಳುತ್ತಿದ್ದೆ. ಆದರೂ ಬಿಟ್ಟಿರಲಿಲ್ಲ, ಯಾಕೆಂದರೆ ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಅದೊಂದೇ.

ಬಟ್ಟೆಗೆ ಚಿತ್ರ ಇಳಿಸುವುದು ಶಿವಮೊಗ್ಗದಲ್ಲಿ ನನ್ನ ಪಾಲು. ಅದರ ಮೇಲೆ ಮೆಶಿನ್ನಿನಲ್ಲಿ ಹೊಲಿಯುವುದು ಭದ್ರಾವತಿಯ ಓಲ್ಡ್ ಟೌನಿನಲ್ಲಿದ್ದ ಗೆಳತಿಯ ಪಾಲು. ನನಗಿಂತ ಹತ್ತು ವರ್ಷ ಚಿಕ್ಕವಳು, ಅಕ್ಕಾ ಎನ್ನುತ್ತಿದ್ದಳು. ನಾನು ಟ್ರೇಸಿಂಗ್ ಪೇಪರಿನ ಮೇಲೆ ಆನೆ, ಬಳ್ಳಿ ಬರೆದು, ದಾರವಿಲ್ಲದ ಸೂಜಿಯನ್ನು ಗೆರೆಯುದ್ದಕ್ಕೂ ಓಡಿಸಿ ತೂತು ಮಾಡುತ್ತಿದ್ದೆ. ಆ ಹಾಳೆಯನ್ನು ಬಿಳಿ ಬಟ್ಟೆಯ ಮೇಲಿಟ್ಟು, ನೀಲಿಯಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಚುಕ್ಕಿ ಚುಕ್ಕಿಯಾಗಿ ಚಿತ್ರ ಕೆಳಗೆ ಬೀಳುತ್ತದೆ. ಅದು ಒಣಗಿದ ಮೇಲೆ ಹಳೆ ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತುತ್ತಿದ್ದೆ.

ಅವಳು ಬಟ್ಟೆಯ ಕೆಳಗೆ ಹತ್ತಿಯ ಪದರ, ಅದರ ಕೆಳಗೆ ಇನ್ನೊಂದು ಬಟ್ಟೆ ಇಟ್ಟು, ಮೆಶಿನ್ನಿನ ಹಲ್ಲು ಇಳಿಸುತ್ತಿದ್ದಳು. ಹಲ್ಲು ಇಳಿಸಿದರೆ ಮೆಶಿನ್ನು ಬಟ್ಟೆಯನ್ನು ತಾನಾಗಿ ಎಳೆಯುವುದಿಲ್ಲ. ಸೂಜಿ ನಿಂತಲ್ಲೇ ಕುಟ್ಟುತ್ತಿರುತ್ತದೆ, ಎರಡು ಕೈಯಲ್ಲಿ ಬಟ್ಟೆಯನ್ನು ಬೇಕಾದ ಕಡೆ ಓಡಿಸಬೇಕು. ಹಾಗಾಗಿ ತಿರುವು ಬಂದಲ್ಲೆಲ್ಲ ಅವಳ ಹೊಲಿಗೆ ನನ್ನ ಚುಕ್ಕಿಯಿಂದ ಕೂದಲೆಳೆಯಷ್ಟು ಆಚೆ ಹೋಗುತ್ತಿತ್ತು.

“ಗೆರೆ ಬಿಟ್ಟು ಎಲ್ಲಿಗ್ ಹೋಗ್ತೀಯೇ ಮಾರಾಯ್ತಿ?” ಎಂದು ನಾನು ಗದರುತ್ತಿದ್ದೆ.

“ಸಕ್ರೆಬೈಲಿನ ಆನೆ ಗೆರೆ ನೋಡ್ಕೊಂಡು ನಡೆಯುತ್ತಾ ಅಕ್ಕಾ?” ಎಂದು ಅವಳು ನಗುತ್ತಿದ್ದಳು. ತೊಳೆದರೆ ನೀಲಿ ಹೋಗುತ್ತಿತ್ತು. ಆಮೇಲೆ ಅವಳ ಆನೆ ಮಾತ್ರ ಉಳಿಯುತ್ತಿತ್ತು, ನಿಜ ಹೇಳಬೇಕೆಂದರೆ ನನ್ನದಕ್ಕಿಂತ ಚೆನ್ನಾಗಿ.

ನಮ್ಮ ಕೌದಿಗಳನ್ನು ಸವಳಂಗ ರಸ್ತೆಯ ಒಂದು ಅಂಗಡಿಯಲ್ಲಿ ಕ್ವಿಲ್ಟ್ ಎಂದು ಮಾರುತ್ತಿದ್ದರು. ಒಮ್ಮೆ ಅವಸರದಲ್ಲಿ ತೊಳೆಯದೆ ಕೊಟ್ಟದ್ದು ಮೊದಲು ಖರ್ಚಾಯಿತು. ಅಂಗಡಿಯ ಮೇಡಂ ಅದನ್ನೇ ಹಿಡಿದುಕೊಂಡರು.

“ಇನ್ಮೇಲೆ ತೊಳೀಬೇಡಿ. ನೀಲಿ ಗೆರೆ ಕಂಡ್ರೆ ಕೈಕೆಲಸ ಅಂತ ಜನ ನಂಬ್ತಾರೆ. ಆ ವಾಸನೆ ಒಂದು ಹೋಗೋ ಹಾಗೆ ಬಿಸಿಲಿಗೆ ಹಾಕಿ ಕೊಡಿ.”

ಪಾತ್ರೆಯ ಮಸಿಯನ್ನೂ ಎಲೆಗೆ ಬಡಿಸಿ ಎಂದ ಹಾಗಿತ್ತು. ನಾನು ಮುಖ ಸಿಂಡರಿಸಿದೆನೇ ಹೊರತು ಬೇಡ ಎನ್ನಲಿಲ್ಲ.

ಒಂದು ಮಧ್ಯಾಹ್ನ ಮೇಡಂ ನಮ್ಮ ಮನೆಗೇ ಆಟೋದಲ್ಲಿ ನಾಲ್ಕು ಕ್ವಿಲ್ಟ್ ತಂದು ಇಳಿಸಿದರು. ಬಿಚ್ಚಿ ನೋಡಿದರೆ ನನ್ನದೇ ಆನೆ! ಅಂಗಡಿಯಲ್ಲಿ ಗಿರಾಕಿಗಳಿಗೆ ತೋರಿಸಲೆಂದು ನಾನು ಕೊಟ್ಟಿದ್ದ ತೂತಿನ ಹಾಳೆಯ ಫೋಟೋ ತೆಗೆದು, ಎಲ್ಲೋ ಹೊರಗಡೆ ಕಂಪ್ಯೂಟರ್ ಮೆಶಿನ್ನಿನಲ್ಲಿ ಹೊಲಿಸಿದ್ದರು. ನಾಲ್ಕರಲ್ಲೂ ಒಂದೇ ಸೊಂಡಿಲು, ಒಂದೇ ಬಾಲ, ಒಂದು ಟಾಕೂ ಆಚೀಚೆ ಇಲ್ಲ. ಉಸಿರಿಲ್ಲದ ಆನೆಗಳು.

“ಇದ್ರ ಮೇಲೆ ನಿಮ್ ಚುಕ್ಕಿ ಇಟ್ಟುಕೊಡಿ. ನಿಮ್ಮಷ್ಟು ಚೆನ್ನಾಗಿ ಯಾರ ಕೈಯಲ್ಲೂ ಆಗಲ್ಲ” ಎಂದರು.

ಇಷ್ಟೇ ಸಾಕಾಯಿತು ನನಗೆ. ಹೊಗಳಿಕೆಗೆ ನಾನು ಅಷ್ಟು ಬೇಗ ಕರಗುವವಳೆಂದು ಅವರಿಗೆ ಗೊತ್ತಿತ್ತು. ನೀರು ತಾಗಿದರೆ ಅಳಿಸಿಹೋಗುವ ನೀಲಿ ಪೆನ್ನು ಹಿಡಿದು, ಮೂರು ಮಧ್ಯಾಹ್ನ ಕೂತು, ಹೊಲಿಗೆಯ ಮೇಲೆ ಒಂದೊಂದೇ ಚುಕ್ಕಿ ಇಟ್ಟೆ. ತೂತಿನಿಂದ ಬಿದ್ದ ಚುಕ್ಕಿ ಎಲ್ಲಿ ದಪ್ಪ, ಎಲ್ಲಿ ಮಾಸಲು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಲ್ಲಲ್ಲಿ ಒದ್ದೆ ಬೆರಳಿನಿಂದ ತೀಡಿ ನಿಜವಾದ ಕಲೆಯ ಹಾಗೆ ಮಾಡಿದೆ. ಎಂಥ ಕೊಳಕು ಜಾಣತನ! ಕೈಗೆ ವಾಸನೆಯಿರಲಿಲ್ಲ, ಬಣ್ಣವೂ ಹತ್ತಿರಲಿಲ್ಲ. ಆದರೂ ಮೂರನೆಯ ದಿನ ಅದೇ ಕೈಯಲ್ಲಿ ತುತ್ತು ಎತ್ತಲು ಅಸಹ್ಯವಾಗಿ ತಟ್ಟೆ ಸರಿಸಿ ಎದ್ದೆ. ಗೆಳತಿಗೆ ಮಾತ್ರ ಏನೂ ಹೇಳಲಿಲ್ಲ.

ಆಮೇಲೆ ಮೇಡಂ ಒಂದು ಪ್ರದರ್ಶನ ಇಟ್ಟರು. ನಾನು ಹೋಗುವಷ್ಟರಲ್ಲಿ ಭದ್ರಾವತಿಯಿಂದ ಅವಳೂ ಬಂದಿದ್ದಳು. ಆ ನಾಲ್ಕರಲ್ಲೊಂದರ ಮುಂದೆ ನಿಂತು, ಮುಖ ಹತ್ತಿರ ತಂದು ನೋಡುತ್ತಿದ್ದಳು. ಚುಕ್ಕಿಯ ನಟ್ಟನಡುವೆಯೇ ಹೊಲಿಗೆ. ಎಲ್ಲೂ ಕೂದಲೆಳೆಯಷ್ಟೂ ಆಚೆ ಹೋಗಿಲ್ಲ.

“ಗೆರೆ ನಿಮ್ದೇ. ಹೊಲಿದವ್ರು ಯಾರಕ್ಕಾ?” ಎಂದಳು.

ಅವಳು ಇನ್ನೊಮ್ಮೆ ಆನೆಯ ಕಿವಿಯ ತಿರುವಿನ ಮೇಲೆ ಬೆರಳಾಡಿಸಿದಳು.

“ಎಂಥಾ ಕೈ ಅಕ್ಕಾ! ನೀವು ಇಷ್ಟು ವರ್ಷ ಬೈದಿದ್ದು ಸುಳ್ಳಲ್ಲ.”

ಅಲ್ಲೇ ಹೇಳಬಹುದಿತ್ತು. ಮೇಡಂ ಪಕ್ಕದಲ್ಲೇ ಯಾರಿಗೋ ನನ್ನ ಚುಕ್ಕಿ ತೋರಿಸಿ ವಿವರಿಸುತ್ತಿದ್ದರು, ನಾನು ಹಲ್ಲು ಕಿರಿದು ನಿಂತಿದ್ದೆ. ಆ ನಗುವನ್ನು ನೆನೆದರೆ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನಿಸುತ್ತದೆ.

ವಾರ ಕಳೆದು ಹೊಸದಾಗಿ ಚಿತ್ರ ಇಳಿಸಿದ ಬಟ್ಟೆ ತೆಗೆದುಕೊಂಡು ಓಲ್ಡ್ ಟೌನಿಗೆ ಹೋದೆ. ಅವಳು ನಡುಮನೆಯಲ್ಲಿ ಮೆಶಿನ್ನಿನ ಮುಂದೆ ಕೂತಿದ್ದಳು. ಸುತ್ತ ಬಿಚ್ಚಿದ ದಾರದ ರಾಶಿ. ನಾನು ಹಿಂದೆ ಕೊಟ್ಟಿದ್ದ ಆನೆಯನ್ನು ಹೊಲಿದು, ಬಿಚ್ಚಿ, ಮತ್ತೆ ಹೊಲಿದು, ಬಟ್ಟೆಯೆಲ್ಲ ತೂತು ಬಿದ್ದು ಜರಡಿಯಾಗಿತ್ತು. ಎಡಗೈಯ ತೋರುಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಗೆರೆಯ ಮೇಲೇ ಹೋಗಬೇಕೆಂದು ಬಗ್ಗಿ ನೋಡುವಾಗ ಸೂಜಿ ಉಗುರಿನೊಳಗೆ ಇಳಿದಿತ್ತಂತೆ.

“ಸ್ವಲ್ಪ ಸರಿ ಹೋಗಿದೆ ನೋಡಿ. ಇನ್ನೊಂದು ತಿಂಗಳು ಕೊಡಿ ಅಕ್ಕಾ, ಆ ಹೊಲಿದವ್ರಿಗೇ ಎಲ್ಲಾ ಕೆಲಸ ಕೊಟ್ಟುಬಿಡಬೇಡಿ” ಎಂದಳು.

ಆಗ ಹೇಳಿದೆ. ಕಂಪ್ಯೂಟರ್ ಮೆಶಿನ್ನು, ಫೋಟೋ, ಪೆನ್ನು, ಮೂರು ಮಧ್ಯಾಹ್ನ, ಒದ್ದೆ ಬೆರಳು, ಯಾವುದನ್ನೂ ಬಿಡದೆ ಹೇಳಿದೆ.

ಅವಳು ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದು ನನ್ನ ಮುಂದಿಟ್ಟಳು. ನಾನು ತಂದಿದ್ದ ಗಂಟನ್ನು ಬಿಚ್ಚಿ, ಚುಕ್ಕಿ ಇಟ್ಟ ಬಟ್ಟೆಯನ್ನು ಸ್ವಲ್ಪ ಹೊತ್ತು ನೋಡಿ, ಮಡಚಿ ನನ್ನ ಮಡಿಲಿಗೆ ವಾಪಸ್ಸಿಟ್ಟಳು.

“ಮುಂದಿನ್ ಸಲ ಬರೀ ಬಟ್ಟೆ ತನ್ನಿ ಅಕ್ಕಾ” ಎಂದಳು. “ಗೆರೆ ಬೇಡ.”